ಗೆರೆಯ ಅಕ್ಕಪಕ್ಕದ ಜಾಗ

ಸಂಜೆ ಐದು ಗಂಟೆಗೆ ಕಿರಿಯ ಅಳಿಯ ಪತ್ರಿಕಾ ಕಚೇರಿಗೆ ನುಗ್ಗಿದ. ಬೆಳಿಗ್ಗೆ ತೀರಿಕೊಂಡ ಮಾವನ ನಿಧನವಾರ್ತೆಯ ಕರಡನ್ನು ಪತ್ರಿಕೆಯವರು ಮನೆಗೆ ಕಳಿಸಿದ್ದರು. ಅದರಲ್ಲಿ ಬಂಧುಗಳೆಲ್ಲರ ಹೆಸರಿತ್ತು, ಅವನದೊಂದು ಇರಲಿಲ್ಲ.

ಕರಡು ತಿದ್ದುವ ಹಿರಿಯರು ಕನ್ನಡಕ ಏರಿಸಿದರು. "ಇರೋದು ಎಂಟು ಸಾಲಿನ ಜಾಗ. ನಿಮ್ಮ ಹೆಸರು ಒಂಬತ್ತನೇ ಸಾಲಿಗೆ ಹೋಯ್ತು."

"ಪ್ರತಿ ಹೆಸರಿಗೂ ಸಂಬಂಧಕ್ಕೂ ನಡುವೆ ಒಂದು ಗೆರೆ, ಗೆರೆಯ ಆಚೆ ಈಚೆ ಖಾಲಿ! ಆ ಖಾಲಿ ತೆಗೆದ್ರೆ ನಾನೂ ಹಿಡೀತೀನಲ್ಲ ಸಾರ್?"

"ಗೆರೆಗೂ ಉಸಿರಾಡೋಕೆ ಜಾಗ ಬೇಕಪ್ಪ."

"ಮಾವನೇ ಉಸಿರಾಡ್ತಿಲ್ಲ, ಗೆರೆಗ್ಯಾಕ್ರೀ ಉಸಿರು? ನಾಳೆ ನನ್ನ ಹೆಸರು ಬರದೇ ಹೋದ್ರೆ ಷಡ್ಡಕ ಜನ್ಮವಿಡೀ ಆಡ್ಕೊಳ್ತಾನೆ. ಮದುವೆ ಫೋಟೋದಲ್ಲೇ ನನ್ನದು ಅರ್ಧ ತಲೆ ಬಂದಿರೋದು."

ಹಿರಿಯರು ಕರಗಿದರು. ಗೆರೆಯ ಪಕ್ಕದ ಜಾಗ ಮಾತ್ರ ಕರಗಲಿಲ್ಲ. "ಬೇಕಾದ್ರೆ ಒಂದು ಸಾಲು ತೆಗೀಬಹುದು. ಮೊದಲ್ನೇದು. ಅದರಲ್ಲಿ ಗೆರೆ ಇಲ್ಲ."

ಮೊದಲ ಸಾಲಿನಲ್ಲಿದ್ದುದು ಮಾವನ ಹೆಸರು.

ಅಳಿಯ ತಲೆ ಕೆರೆದುಕೊಂಡ. "ತೆಗೀರಿ. ಅವರು ಹೋಗಿರೋದು ಊರಿಗೆಲ್ಲ ಗೊತ್ತು. ನನ್ನನ್ನ ಅಲ್ಲೇ ಕೂರಿಸಿ."

"ಗೆರೆಗೆ ಜಾಗ ಬಿಟ್ಟೇ ಹಾಕ್ತೀನಿ, ಆಮೇಲೆ ತಕರಾರು ಬೇಡ."

"ಮೈದಾನ ಬೇಕಾದ್ರೂ ಬಿಡಿ ಸಾರ್."

ಮರುದಿನದ ಪತ್ರಿಕೆಯಲ್ಲಿ 'ನಿಧನ' ಎಂಬ ದಪ್ಪ ಅಕ್ಷರದ ಕೆಳಗೆ ಮೊದಲಿಗೇ ಅವನ ಹೆಸರು ಅಚ್ಚಾಗಿತ್ತು. ಗೆರೆಯ ಎರಡೂ ಬದಿ ಧಾರಾಳ ಜಾಗವಿತ್ತು.

ಎಂಟು ಗಂಟೆಗೆ ಅವನ ಸಹೋದ್ಯೋಗಿಗಳು ಪತ್ರಿಕೆ ಓದಿ, ಅವನಿಗೆಂದೇ ಹೂವಿನ ಹಾರ ಹಿಡಿದು ಮಾವನ ಮನೆಗೆ ಬಂದರು. ಬಾಗಿಲು ತೆರೆದದ್ದು ಅವನೇ. ಹಾರ ಇಸಿದುಕೊಂಡದ್ದು ಷಡ್ಡಕ.