ಪಂಪಿನ ಕೂಗು, ನನ್ನ ಹೂಂ

ನನ್ನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಾಯಿಲೆ ಎಲ್ಲಿದೆ ಎಂದು ಹೇಳುವವನು ನಾನು. ಆ ಕಿವಿ ಕೈಕೊಟ್ಟು ಒಂದು ವರ್ಷವಾಗಿತ್ತು. ಪೂರ್ತಿ ಹೋಗಿರಲಿಲ್ಲ. ಹತ್ತಿರ ನಿಂತು ಆಡಿದ ಮಾತು, ದಪ್ಪ ದನಿ ಸಿಗುತ್ತಿತ್ತು. ಸಣ್ಣ ದನಿ, ಫೋನಿನ ಮಾತು, ಇಂಜಿನ್ ಸದ್ದಿನ ನಡುವೆ ಆಡಿದ್ದು ಸಿಗುತ್ತಿರಲಿಲ್ಲ. ಹೆಸರೇ ಕಿವಿ ಮೇಸ್ತ್ರಿ, ನಾನು ಕಿವುಡ ಎಂದು ಡಂಗುರ ಹೊಡೆಸಲು ಆಗುತ್ತದೆಯೇ? ಅದಕ್ಕೇ ಯಾರು ಏನು ಕೇಳಿದರೂ ಹೂಂ ಎನ್ನುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ನೂರಕ್ಕೆ ತೊಂಬತ್ತು ಮಾತಿಗೆ ಹೂಂ ಸಾಕು. "ಉಪ್ಪು ಜಾಸ್ತಿಯಾಯ್ತಾ ಅಂದ್ರೂ ಹೂಂ, ಕಡಿಮೆಯಾಯ್ತಾ ಅಂದ್ರೂ ಹೂಂ. ನಾಲಿಗೆ ಇದೆಯೋ ಇಲ್ವೋ ನಿಮಗೆ?" ಎಂದು ಹೆಂಡತಿ ಮೊದಮೊದಲು ಸಿಡುಕುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಸದ್ಯ, ಬಚಾವಾದೆ ಎಂದುಕೊಂಡಿದ್ದೆ.

ಅವತ್ತು ಬೆಳಿಗ್ಗೆ ಆರೂವರೆಗೆ ತಂಗಿ ತನ್ನ ಹಳೇ ವ್ಯಾನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಬೆಟ್ಟದ ಮೇಲಿನ ಕಾರ್ಖಾನೆಗೆ ದಿನಾ ಹನ್ನೆರಡು ಹೆಂಗಸರನ್ನು ಕರೆದುಕೊಂಡು ಹೋಗುವವಳು ಅವಳು. ಆ ಹನ್ನೆರಡರಲ್ಲಿ ನನ್ನ ಹೆಂಡತಿಯೂ ಒಬ್ಬಳು, ನಮ್ಮ ಮನೆಯ ಮೂಲೆಯಲ್ಲಿ ಹತ್ತುತ್ತಾಳೆ. ದಾರಿಯಲ್ಲಿ ಒಂಬತ್ತು ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಇಂಜಿನ್ ಆರಿಸಿ, ಹತ್ತಿರ ಬಂದು ಹೇಳಿದಳು. "ಅಣ್ಣ, ಸ್ಟೀರಿಂಗ್ ತಿರುಗಿಸಿದ್ರೆ ಒಂದೇ ಸಮ ಕೂಗುತ್ತೆ. ನಡುನಡುವೆ ಕಲ್ಲಾಗುತ್ತೆ, ಆಮೇಲೆ ತಟ್ಟಂತ ಹಗುರ."

ಇಂಜಿನ್ ಹಾಕಿಸಿ ಸ್ಕ್ರೂಡ್ರೈವರನ್ನು ಸ್ಟೀರಿಂಗನ್ನು ಹಗುರ ಮಾಡುವ ಎಣ್ಣೆ ಪಂಪಿಗೆ ಒತ್ತಿದೆ. ಕೈಗೆ ನಡುಕ ಸಿಕ್ಕಿತು, ಕಿವಿಗೆ ಏನೂ ಸಿಗಲಿಲ್ಲ. ಆದರೂ ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದೆ. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದರೆ ಕೆಂಪು ಎಣ್ಣೆಯ ಮೇಲೆ ನೊರೆ. "ಗಾಳಿ ಸೇರಿದೆ" ಎಂದೆ. ಅಲ್ಲಿಯವರೆಗೆ ಸರಿಯೇ. ಗಾಳಿ ಎಲ್ಲಿಂದ ಸೇರಿತು ಎಂದು ಹುಡುಕಬೇಕಿತ್ತು. ಹಿಂದೆಲ್ಲ ಅದನ್ನು ಕಿವಿಯೇ ಹುಡುಕಿ ಕೊಡುತ್ತಿತ್ತು.

ಮುಂದಿನ ಎರಡು ಚಕ್ರವನ್ನೂ ಜಾಕ್ ಕೊಟ್ಟು ನೆಲದಿಂದ ಎತ್ತಿದೆ. ಇಂಜಿನ್ ಆರಿಸಿ, ಎಣ್ಣೆ ತುಂಬಿಸಿ, ತಂಗಿಯನ್ನು ಸೀಟಿನಲ್ಲಿ ಕೂರಿಸಿದೆ. "ಈ ಕೊನೆಯವರೆಗೆ ತಿರುಗಿಸು, ನಿಧಾನಕ್ಕೆ. ಈಗ ಆ ಕೊನೆಗೆ." ಡಬ್ಬಿಯಲ್ಲಿ ಗುಳ್ಳೆ ಒಂದೊಂದಾಗಿ ಎದ್ದು ಒಡೆದವು. ಇಪ್ಪತ್ತು ಸಲ ತಿರುಗಿಸಿದ ಮೇಲೆ ಗುಳ್ಳೆ ನಿಂತಿತು. ಇಂಜಿನ್ ಹಾಕಿ ಇನ್ನೂ ಹತ್ತು ಸಲ. ಎಣ್ಣೆ ಕಡಿಮೆಯಾದಷ್ಟೂ ಸುರಿದೆ, ಚಕ್ರ ಇಳಿಸಿದೆ. ಹೊತ್ತಾಗಿತ್ತು. ತಂಗಿ ಇಂಜಿನ್ ಓಡುತ್ತಿರುವಾಗಲೇ ಸ್ಟೀರಿಂಗನ್ನು ಒಮ್ಮೆ ಆಡಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಕೇಳಿದಳು. ತುಟಿ ಆಡಿದ್ದು ಕಂಡಿತು.

"ಹೂಂ" ಎಂದೆ.

ಅರೆಗಳಿಗೆ ನನ್ನ ಮುಖ ನೋಡಿ ಹೊರಟುಹೋದಳು.

ಕೈ ಒರೆಸಿಕೊಳ್ಳುತ್ತಿದ್ದಾಗ ಪಕ್ಕದಂಗಡಿಯ ಟೈಲರ್ ಬಂದ. ತಮಟೆಯಂಥ ಗಂಟಲು ಅವನದು, ಅವನೊಬ್ಬನ ಮಾತು ನನಗೆ ಚೆನ್ನಾಗಿ ಕೇಳುತ್ತದೆ. "ಅಲ್ಲ ಮೇಸ್ತ್ರಿ, ಅದ್ಹೇಗೆ ಹೂಂ ಅಂದ್ರಿ?"

"ಯಾವುದಕ್ಕೆ?"

"'ಕೂಗು ಇನ್ನೂ ಹೋಗಿಲ್ವಲ್ಲ ಅಣ್ಣ, ಬೆಟ್ಟ ಹತ್ತಿಸ್ಲಾ?' ಅಂತ ಕೇಳಿದ್ಳಲ್ಲ. ಪಂಪಿನ ಕೂಗು ನನ್ನ ಮಿಷನ್ ಹತ್ರಕ್ಕೇ ಕೇಳ್ತಿತ್ತು, ಕರು ಕೂಗ್ದಂಗೆ."

ಒಳಗಿದ್ದ ಗಾಳಿ ತೆಗೆದಿದ್ದೆ, ಅದು ಬರುವ ಬಾಗಿಲು ಮುಚ್ಚಿರಲಿಲ್ಲ. ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನ ಬಾಯಿ ಸಡಿಲವಾಗಿದ್ದರೆ ಎಣ್ಣೆ ಹೊರಗೆ ಸೋರದೆಯೂ ಇರಬಹುದು, ಪಂಪು ಮಾತ್ರ ಗಾಳಿಯನ್ನು ಹೀರುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಒಳಗೆಲ್ಲ ನೊರೆ. ಎರಡು ಬೆರಳಿಗೆ ತಿರುಗುತ್ತಿದ್ದ ಸ್ಟೀರಿಂಗ್ ಆಗ ಎರಡು ತೋಳಿಗೂ ಬಗ್ಗುವುದಿಲ್ಲ. ಅದು ಯಾವ ತಿರುವಿನಲ್ಲಿ ಎಂದು ಹೇಳುವವರು ಯಾರು?

ತಂಗಿಗೆ ಫೋನು ಮಾಡಿದೆ. ಯಾವುದೋ ಹೆಣ್ಣು ದನಿ ಗುಂಯ್ ಎಂದಿತು. ಅವಳೋ ಫೋನ್ ಕಂಪನಿಯ ರೆಕಾರ್ಡೋ ತಿಳಿಯಲಿಲ್ಲ. "ನಿಲ್ಲಿಸು, ವ್ಯಾನು ನಿಲ್ಲಿಸು!" ಎಂದು ಕಿರುಚಿದೆ. ಟೈಲರ್ ಬೆಪ್ಪಾಗಿ ನಿಂತಿದ್ದ. ಫೋನನ್ನು ಅವನ ಕೈಗೆ ತುರುಕಿದೆ. "ನನಗೆ ಕೇಳಿಸಲ್ಲ ಮಾರಾಯ. ಒಂದು ವರ್ಷದಿಂದ ಕೇಳಿಸಲ್ಲ. ಏನಂತಾಳೆ ನೋಡು."

"ಸ್ವಿಚ್ ಆಫ್ ಅಂತಿದೆ, ಮೇಸ್ತ್ರಿ."

ಗಾಡಿ ಓಡಿಸುವಾಗ ಫೋನು ಆರಿಸು ಎಂದು ಅವಳಿಗೆ ಕಲಿಸಿದವನು ನಾನೇ. ಹೆಂಡತಿಯ ಫೋನು ಮನೆಯಲ್ಲೇ ಇರುತ್ತದೆ, ಕಾರ್ಖಾನೆಯೊಳಗೆ ಬಿಡುವುದಿಲ್ಲ. ಹೊಸ ಪೈಪು, ಕ್ಲಿಪ್ಪು, ಎಣ್ಣೆ, ಜಾಕು ಸ್ಕೂಟರಿಗೆ ಹಾಕಿಕೊಂಡು ಹೊರಟೆ.

ನಮ್ಮ ಮನೆಯ ಮೂಲೆಯಲ್ಲಿ ಯಾರೂ ಇರಲಿಲ್ಲ. ನೆಲದ ಮೇಲೆ ಮೂರು ಕೆಂಪು ಹನಿ. ಎಣ್ಣೆ ನೊರೆಯೆದ್ದು ಮುಚ್ಚಳದಿಂದ ಉಕ್ಕುತ್ತಿದೆ ಎಂದು ನನಗೆ ಗೊತ್ತು. ಆದರೂ ಆ ಕೆಂಪು ಕಂಡು ಸ್ಕೂಟರಿನ ವೇಗ ಹೆಚ್ಚಿಸಿದೆ. ಹಿಂದೆ ಬರುತ್ತಿದ್ದ ಲಾರಿ ಹಾರನ್ ಹೊಡೆದಿದ್ದೂ ನನಗೆ ಕೇಳಲಿಲ್ಲ, ಮೈ ಸವರಿಕೊಂಡು ಮುಂದೆ ಹೋದಾಗಲೇ ಗೊತ್ತಾಗಿದ್ದು. ಹೆಂಡತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ನನಗೇನೋ ಹೇಳಿದ್ದಳು. ಅದಕ್ಕೂ ಹೂಂ ಎಂದಿದ್ದೆ. ಏನು ಹೇಳಿದ್ದಳೋ.

ಬೆಟ್ಟದ ಬುಡ ತಿರುಗುತ್ತಲೇ ರಸ್ತೆಯಂಚಿನಲ್ಲಿ ಕಾರ್ಖಾನೆಯ ನೀಲಿ ಕೋಟಿನ ಹೆಂಗಸರು ಗುಂಪಾಗಿ ನಿಂತಿದ್ದರು. ವ್ಯಾನಿನ ಮೂತಿ ಬೇಲಿಯ ಕಡೆಗೆ ತಿರುಗಿತ್ತು. ಎಲ್ಲರ ಬಾಯಿಯೂ ತೆರೆದಿತ್ತು. ಅಳುತ್ತಿದ್ದಾರೋ, ಕೂಗುತ್ತಿದ್ದಾರೋ, ಹರಟುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಸ್ಕೂಟರನ್ನು ಅಲ್ಲೇ ಬೀಳಿಸಿ ಓಡಿದೆ.

ಹೆಂಡತಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದಳು, ವ್ಯಾನಿನ ಕೀ ಅವಳ ಮುಷ್ಟಿಯಲ್ಲಿತ್ತು.

ರಸ್ತೆಯಲ್ಲೇ ಕೂತುಬಿಟ್ಟೆ. ತಂಗಿ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಈ ತಿರುವಲ್ಲೇ ಎರಡು ಸಲ ಕಲ್ಲಾಯ್ತು ಅಣ್ಣ. 'ನಿಮ್ಮಣ್ಣನಿಗೆ ಹೇಳಿದ್ಯಾ?' ಅಂದ್ರು ಅತ್ತಿಗೆ. 'ಹೇಳ್ದೆ, ಹೂಂ ಅಂದ' ಅಂದೆ. 'ಬರೀ ಹೂಂ ಅಂದ್ರಾ? ಹಾಗಾದ್ರೆ ಅವ್ರಿಗೆ ಕೇಳಿಸಿಲ್ಲ, ನಿಲ್ಲಿಸು' ಅಂತ ಕೀ ಕಿತ್ಕೊಂಡ್ಬಿಟ್ರು." ಆಮೇಲೆ, "ನನಗಾದ್ರೂ ಹೇಳ್ಬಾರ್ದಿತ್ತಾ?" ಎಂದಳು.

ಅಂದರೆ ಹೆಂಡತಿಗೆ ಎಂದೋ ಗೊತ್ತಾಗಿತ್ತು. ಅದಕ್ಕೇ ಕೇಳುವುದನ್ನು ಬಿಟ್ಟಿದ್ದಳು. ನನಗೆ ನಾಚಿಕೆಯಾಯಿತು, ಅವಳ ಮುಖ ನೋಡಲಾಗಲಿಲ್ಲ.

ನೊರೆ ಇಳಿಯುವವರೆಗೆ ಕಾದು, ಹಳೇ ಪೈಪು ಕಿತ್ತೆ. ಬಾಯಿ ಬಿರುಕು ಬಿಟ್ಟಿತ್ತು. ಹೊಸದು ಹಾಕಿ ಕ್ಲಿಪ್ಪು ಬಿಗಿದು, ಚಕ್ರ ಎತ್ತಿ, ಮತ್ತೆ ಆ ಕೊನೆ ಈ ಕೊನೆ. ಗುಳ್ಳೆ ನಿಂತ ಮೇಲೆ ಇಂಜಿನ್ ಹಾಕಿಸಿದೆ. ತಂಗಿ ಸೀಟಿನಿಂದ ಏನೋ ಕೇಳಿದಳು. ಹೂಂ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಏನಂದೆ? ನನಗೆ ಕೇಳಿಸ್ಲಿಲ್ಲ" ಎಂದೆ, ಅಷ್ಟೂ ಹೆಂಗಸರ ಮುಂದೆ.

ಅವಳು ಇಳಿದು ಬಂದು ನನ್ನ ಕಿವಿಯ ಹತ್ತಿರ ಕೂಗಿದಳು. "ಹತ್ತಿಸ್ಲಾ ಅಂತ ಕೇಳ್ದೆ ಅಣ್ಣ."

"ನನ್ನ ಕೇಳ್ಬೇಡ. ನಿಮ್ಮತ್ತಿಗೆನ ಕೇಳು."

ಸ್ಕ್ರೂಡ್ರೈವರನ್ನು ಹೆಂಡತಿಯ ಕೈಗೆ ಕೊಟ್ಟು, ತುದಿ ಎಲ್ಲಿ ಒತ್ತಬೇಕು, ಹಿಡಿ ಎಲ್ಲಿಡಬೇಕು ಎಂದು ತೋರಿಸಿದೆ. ತಂಗಿ ಸ್ಟೀರಿಂಗ್ ತಿರುಗಿಸಿದಳು. ಹೆಂಡತಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು, ಕೂಗು ಹೋಗಿಲ್ಲವೆಂದು ತಲೆಯಾಡಿಸಿದಳು. ಮತ್ತೆ ಇಂಜಿನ್ ಆರಿಸಿ ಹದಿನೈದು ಸಲ ತಿರುಗಿಸಿ ಗಾಳಿ ಬಿಡಿಸಿದೆವು. ಎರಡನೇ ಸಲ ಅವಳು ಬಹಳ ಹೊತ್ತು ಕೇಳಿಸಿಕೊಂಡಳು.

ಹೂಂ ಎಂದಳು. ದನಿ ನನಗೆ ಮುಟ್ಟಲಿಲ್ಲ, ಗಲ್ಲ ಕೆಳಗಿಳಿದಿದ್ದು ಕಂಡಿತು.

ಸ್ಕೂಟರನ್ನು ಬೇಲಿಗೆ ಒರಗಿಸಿ ನಾನೂ ವ್ಯಾನು ಹತ್ತಿದೆ. ಒಂಬತ್ತು ತಿರುವು ಮುಗಿಯುವವರೆಗೂ ರಸ್ತೆ ನೋಡಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಾ ಕೂತೆ.