ಗಡ್ಡೆಯ ಲೆಕ್ಕಕ್ಕೆ

ಸ್ಪ್ಯಾನರು ಅವಳ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ಇನ್ನೊಂದಕ್ಕೆ ಗಂಡ ಕೈ ಹಾಕುವಷ್ಟರಲ್ಲಿ ಅವಳ ತಮ್ಮ ಹಿಂದಿನಿಂದ ತಬ್ಬಿ ಹಿಡಿದ. ಮೊಣಕೈಯ ಒಂದೇ ಗುದ್ದಿಗೆ ತಮ್ಮನ ಮೂಗಿನಿಂದ ರಕ್ತ ಬಂದು ಗ್ಯಾರೇಜಿನ ಎಣ್ಣೆ ನೆಲದ ಮೇಲೆ ತೊಟ್ಟಿಕ್ಕಿತು.

“ಬರಲ್ಲ ಅಂದ್ರೆ ಬರಲ್ಲ! ಇನ್ನೊಂದ್ಸಲ ಆಸ್ಪತ್ರೆ ಅಂದ್ರೆ ಹಲ್ಲು ಉದುರಿಸ್ತೀನಿ ಕಣೇ!”

“ಉಳಿದಿರೋದನ್ನ ತಾನೇ? ಉದುರಿಸಿ,” ಎಂದಳು ಹೆಂಡತಿ.

ಮೆಕ್ಯಾನಿಕ್ ಗಂಡನ ತಲೆಯೊಳಗೆ ಗಡ್ಡೆ. ಹೋದ ವಾರ ಡಾಕ್ಟರು ಬುರುಡೆಗೆ ಸಣ್ಣ ತೂತು ಕೊರೆದು, ತೆಳ್ಳನೆಯ ಎಳೆಯೊಂದನ್ನು ಇಳಿಸಿ, ಲೇಸರ್ ಶಾಖದಲ್ಲಿ ಅದನ್ನು ಸುಟ್ಟಿದ್ದರು. ಮಿದುಳಿನ ರಕ್ತನಾಳಗಳಿಗೆ ಒಂದು ತಡೆ ಇದೆಯಂತೆ, ಔಷಧಿಯನ್ನೂ ಒಳಗೆ ಬಿಡುವುದಿಲ್ಲವಂತೆ. ಶಾಖ ತಾಗಿದ ಕಡೆ ಅದು ಕೆಲವು ವಾರ ಸಡಿಲವಾಗಿರುತ್ತದೆ, ಅಷ್ಟರಲ್ಲಿ ಔಷಧಿ ಏರಿಸಬೇಕು. “ತುಕ್ಕು ಹಿಡಿದ ನಟ್ಟಿಗೆ ಬೆಂಕಿ ತೋರಿಸಿದ ಹಾಗೆ. ಆರೋದ್ರೊಳಗೆ ತಿರುಗಿಸ್ಬೇಕು ಅನ್ನಿ,” ಎಂದು ಅವನೇ ನಕ್ಕಿದ್ದ. ಈಗ ಮೊದಲ ಬಾಟಲಿಯ ದಿನವೇ ಹಟ.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. “ಹೊಡೀತಿರೋದು ಅವರಲ್ಲಮ್ಮ, ಗಡ್ಡೆ.” ಅತ್ತೆಗೆ ಅಷ್ಟೇ ಸಾಕಾಯಿತು. ನೆಂಟರಿಗೆಲ್ಲ ಫೋನು ಮಾಡಿ, ಮದುವೆಯಾದ ವರ್ಷ ಸೊಸೆಯ ಹಲ್ಲು ಮುರಿದದ್ದು, ಆಮೇಲೆ ಕೈ ಮುರಿದದ್ದು, ಎಲ್ಲವನ್ನೂ ಗಡ್ಡೆಯ ಲೆಕ್ಕಕ್ಕೇ ಹಾಕಿದರು. ವರ್ಷವೂ ತುಂಬದ ಆ ಗಡ್ಡೆ ಹದಿನೈದು ವರ್ಷದ ಏಟುಗಳನ್ನು ಹೊರಬೇಕಾಯಿತು, ಪಾಪ. ನಿಜ ಹೇಳಬೇಕೆಂದರೆ ಅವಳಿಗೂ ಅದನ್ನು ನಂಬುವ ಆಸೆಯಿತ್ತು.

ಗಂಡ ಮೈ ಕೊಡವಿ ಅವಳ ತಮ್ಮನನ್ನು ಕಾರಿನ ಬಾನೆಟ್ಟಿಗೆ ಅಪ್ಪಳಿಸಿದ. ಬಂದು ಅವಳ ಕುತ್ತಿಗೆ ಹಿಸುಕಿದ. ಕಣ್ಣು ಕತ್ತಲಿಟ್ಟಿತು. ಅವಳು ತಡಕಾಡಿ, ಕೈಗೆ ಸಿಕ್ಕ ಜಾಕಿನ ರಾಡನ್ನು ಬೀಸಿದಳು.

“ತಲೆಗೆ ಬೇಡಕ್ಕಾ!” ಎಂದು ತಮ್ಮ ಕಿರುಚಿದ.

“ಗೊತ್ತು ಕಣೋ!”

ಏಟು ಮೊಣಕಾಲಿಗೆ ಬಿತ್ತು. ಅವನು ಕುಸಿದ. ಕೆಟ್ಟ ಗಾಡಿ ಎಳೆಯುವ ಹಗ್ಗದಿಂದ ಅವನ ಕೈ ಕಟ್ಟಿ ಕಾರಿಗೆ ಹಾಕಿದರು. ಬಿಚ್ಚಿಕೊಳ್ಳದ ಆ ಗಂಟನ್ನು ಅವಳಿಗೆ ಕಲಿಸಿದವನು ಅವನೇ.

ಮಧ್ಯಾಹ್ನ ಔಷಧಿ ಹನಿಯತೊಡಗಿದಾಗ ಅವನು ಮೆತ್ತಗಾಗಿದ್ದ. ಸೂಜಿಯಿಲ್ಲದ ಕೈಯನ್ನು ನರ್ಸು ಬಟ್ಟೆಯ ಪಟ್ಟಿಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದಳು.

“ಈ ಗಡ್ಡೆ ಹೋದ್ಮೇಲೆ ನಾನು ಕೈ ಎತ್ತಲ್ಲ, ಅಲ್ವೇನೇ?”

“ಎತ್ತಿದ್ರೆ ಅದು ನೀವೇ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅವತ್ತೇ ಹೊರಟುಬಿಡ್ತೀನಿ.” ಅವಳ ಗಂಟಲು ಇನ್ನೂ ಉರಿಯುತ್ತಿತ್ತು. “ಈಗ ಹೋದ್ರೆ ರೋಗಿನ ಬಿಟ್ಟು ಹೋದಳು ಅಂತಾರೆ. ಅದಕ್ಕೇ ನೀವು ವಾಸಿಯಾಗ್ಬೇಕು.”

ಅವನು ಮುಖ ಗೋಡೆಗೆ ತಿರುಗಿಸಿದ. ನರ್ಸು ಇಣುಕಿದಳು.

“ಸುಮ್ನೆ ಮಲಗಿದ್ದಾರಲ್ಲ, ಕೈ ಬಿಚ್ಚಲಾ?”

“ಬಿಚ್ಚಿ,” ಎಂದಳು. ನರ್ಸು ಬಿಚ್ಚುವ ಮೊದಲೇ ಸ್ಟೂಲನ್ನು ಒಂದು ತೋಳಿನಷ್ಟು ಹಿಂದಕ್ಕೆ ಎಳೆದುಕೊಂಡು, ಹನಿ ಬೀಳುವುದನ್ನು ನೋಡುತ್ತ ಕುಳಿತಳು.