ಹುಲಿಗವ್ವನ ಹಿಮ್ಮಡಿ

ಆನೆಗೊಂದಿಯ ಹುಲಿಗವ್ವನ ಹಿಮ್ಮಡಿ ನೋವಿಗೆ ಔಷಧ ಹೇಳದವರೇ ಆ ಊರಲ್ಲಿರಲಿಲ್ಲ. ಹೇಳುವುದಕ್ಕೇನು, ನೋವು ಅವರದಲ್ಲವಲ್ಲ. ಗಂಡ ಸತ್ತ ಮೇಲೆ ಅಣ್ಣ ಗ್ಯಾನಪ್ಪನ ಮನೆ ಸೇರಿದವಳು ಗದ್ದೆಯಲ್ಲಿ ಕೂಲಿ ಮಾಡಿದಳು, ಬಂಡೆಗಲ್ಲಿನ ದಾರಿಯಲ್ಲಿ ಹೊಳೆಯಿಂದ ನೀರು ಹೊತ್ತಳು. ಒಂದು ಬೆಳಗ್ಗೆ ಎದ್ದು ಕಾಲೂರಿದರೆ ಬಲ ಹಿಮ್ಮಡಿಯಲ್ಲಿ ಮುಳ್ಳು ಮುರಿದಂತಾಯಿತು. ಮುಳ್ಳೇ ಇರಬೇಕೆಂದು ಅತ್ತಿಗೆ ಹೊಳಿಯಮ್ಮ ಸೂಜಿ ಹಿಡಿದು ಕೆದಕಿದಳು. ರಕ್ತ ಬಂತು, ಮುಳ್ಳು ಬರಲಿಲ್ಲ.

ಅಲ್ಲಿಂದ ಶುರುವಾಯಿತು ಉಪಚಾರ. ಕಾದ ಇಟ್ಟಂಗಿಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರಿದಳು. ಊರಿದಷ್ಟು ಹೊತ್ತು ಸುಖ, ಎತ್ತಿದರೆ ಮತ್ತೆ ಅದೇ. ಬಾಳೆನಾರಿನ ಪಟ್ಟಿ ಬಿಗಿದಳು. ಪಾದ ಬಾತಿತೇ ಹೊರತು ನೋವು ಇಳಿಯಲಿಲ್ಲ. ಗಂಗಾವತಿಯ ಕಡೆಯ ಬಾಬಾಸಾಬ ಕಬ್ಬಿಣ ಕಾಯಿಸಿ ಬರೆ ಹಾಕಿದ. ಆ ಉರಿಯಲ್ಲಿ ಹಳೆಯ ನೋವು ಮರೆತದ್ದನ್ನೇ ವಾಸಿಯಾಯಿತೆಂದು ತಿಳಿದು ಅವನಿಗೊಂದು ಕೋಳಿ ಕೊಟ್ಟು ಬಂದರು. ಗಾಯ ಮಾಯಿತು, ನೋವು ಮಾತ್ರ ಜಾಗ ಬಿಡಲಿಲ್ಲ. ಕೊನೆಗೆ ನಿಜಾಮನ ಸರ್ಕಾರದ ದವಾಖಾನೆಗೂ ಹೋದಳು. ಅಲ್ಲಿನ ಡಾಕ್ಟರು ತಿಕ್ಕಿಕೊಳ್ಳಲು ಒಂದು ಬಾಟಲಿ ಎಣ್ಣೆ ಕೊಟ್ಟು, ಕೆಲವು ತಿಂಗಳು ಭಾರ ಹೊರಬೇಡ, ನಿಂತು ಕೆಲಸ ಮಾಡಬೇಡ, ತಾನಾಗಿ ಹೋಗುತ್ತದೆ ಎಂದರು. ಕೂಲಿಯವಳಿಗೆ ಕೂತಿರು ಎನ್ನುವ ಔಷಧ. ಎಲ್ಲದರಲ್ಲಿ ಸರಿಯಾದದ್ದು ಅದೇ ಇರಬೇಕು, ಯಾಕೆಂದರೆ ಅದೊಂದನ್ನು ಮಾತ್ರ ಆಕೆ ಮಾಡಿ ನೋಡಲಿಲ್ಲ.

ಹೀಗಿರುವಾಗ ಹಿಟ್ನಾಳದಿಂದ ಉಡಿಕಿ ಸಂಬಂಧ ಬಂತು. ಗಂಡ ಸತ್ತವಳಿಗೆ ಮಾಡುವ ಎರಡನೆಯ ಮದುವೆಯೇ ಉಡಿಕಿ. ವರ ಹುಚ್ಚೀರಪ್ಪನೂ ಹೆಂಡತಿಯನ್ನು ಕಳಕೊಂಡವನು. ಉಡಿಕಿಗೆ ಹೆಣ್ಣು ನೋಡುವವರು ಮೂಗು ಮುಖ ನೋಡುವುದಿಲ್ಲ, ಕೈಕಾಲು ನೋಡುತ್ತಾರೆ. ಹುಲಿಗವ್ವನಿಗೆ ಈ ಸಂಬಂಧ ಬೇಕೇ ಬೇಕಾಗಿತ್ತು. ಅಣ್ಣನ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ಆದರೆ ಕೂಲಿಗೆ ಹೋಗುವುದು ತಪ್ಪತೊಡಗಿದ ಮೇಲೆ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವುದನ್ನು ಹೊಳಿಯಮ್ಮ ಬಿಟ್ಟಿದ್ದಳು. ತನ್ನದೇ ಒಂದು ಒಲೆ ಬೇಕು, ಅದರ ಮುಂದೆ ಯಾರ ಮುಖವನ್ನೂ ನೋಡದೆ ಒಂದು ಗಳಿಗೆ ಕೂರಬೇಕು. ಆಕೆಯ ಆಸೆ ಅಷ್ಟೇ.

ಹಿಮ್ಮಡಿಯ ಬುದ್ಧಿ ಆಕೆಗೆ ಗೊತ್ತಿತ್ತು. ಕೂತು ಎದ್ದಾಗಿನ ಮೊದಲ ಹೆಜ್ಜೆಗಳಲ್ಲೇ ಅದರ ಆಟವೆಲ್ಲ. ಸ್ವಲ್ಪ ಓಡಾಡಿದರೆ ನೋಡುವವರಿಗೆ ತಿಳಿಯದಷ್ಟು ಸರಿಹೋಗುತ್ತಿತ್ತು. ಹಾಗಾಗಿ ಹೆಣ್ಣು ನೋಡುವ ದಿನ ಬೆಳಗಿನಿಂದ ಆಕೆ ಕೂರಲೇ ಇಲ್ಲ.

“ಅವರು ಹೋಗೂ ಮಟ ಕುಂದರಬ್ಯಾಡ ನೋಡು,” ಎಂದು ಹೊಳಿಯಮ್ಮನೂ ಎಚ್ಚರಿಸಿದಳು.

ಬಂದವಳು ವರನ ತಾಯಿ ದುರಗಮ್ಮ, ಬಂಡಿ ಮಾಡಿಕೊಂಡು ಬಂದಿದ್ದಳು. ಹುಲಿಗವ್ವ ಕಂಬಳಿ ಹಾಸಿದಳು, ನೀರು ಕೊಟ್ಟಳು, ತಿನ್ನಲು ಮಂಡಾಳು, ಅಂದರೆ ಮಂಡಕ್ಕಿ, ತಂದಿಟ್ಟಳು. ಆಕೆಯ ಚುರುಕು ಕಂಡು ದುರಗಮ್ಮನ ಮುಖ ಅರಳಿತು.

“ಎಷ್ಟರ ಓಡಾಡ್ತಿ ಯವ್ವ. ಬಾ, ನನ್ನ ಬಾಜೂಕ ಕುಂದರು.”

ಒಲ್ಲೆ ಎನ್ನುವ ಹಾಗಿರಲಿಲ್ಲ. ಕೂತಳು. ದುರಗಮ್ಮ ಮಗನ ವಿಷಯ, ಎಮ್ಮೆಯ ವಿಷಯ, ಮನೆಯ ಹಿಂದಿನ ಬೇವಿನ ಮರದ ವಿಷಯ ಹೇಳುತ್ತ ಹೋದಳು. ಕೇಳುತ್ತ ಕೇಳುತ್ತ ಹುಲಿಗವ್ವನಿಗೆ ಅವೆಲ್ಲ ತನ್ನವೇ ಅನ್ನಿಸತೊಡಗಿದವು. ಅಷ್ಟರಲ್ಲಿ ದುರಗಮ್ಮ ಎಲೆ ಅಡಿಕೆ ಕೇಳಿದಳು.

ಹುಲಿಗವ್ವ ಹಲ್ಲು ಕಚ್ಚಿಕೊಂಡು ಎದ್ದಳು. ಬೆರಳ ತುದಿಯ ಮೇಲೆ ಭಾರ ಹಾಕಿ ಹೆಜ್ಜೆಯಿಟ್ಟವಳು ತಡೆಯಲಾರದೆ ಗೋಡೆ ಹಿಡಿದಳು.

“ಹಿಮ್ಮಡೇನು?” ದುರಗಮ್ಮ ಮೆಲ್ಲಗೆ ಕೇಳಿದಳು.

“ಕಾಲು ಜುಂ ಹಿಡದೈತ್ರಿ,” ಎಂದು ಹೊಳಿಯಮ್ಮ ನಡುವೆ ಬಂದಳು.

“ಸುಮ್ನಿರವ್ವ. ಈ ನಡಗಿ ನನಗ ಗೊತ್ತಿಲ್ಲೇನು?” ಎಂದು ದುರಗಮ್ಮ ತನ್ನ ಎಡಗಾಲು ಚಾಚಿ ತೋರಿಸಿದಳು. ಹಿಮ್ಮಡಿಯ ಪಕ್ಕದಲ್ಲಿ ಹಳೆಯ ಬರೆಯ ಗುರುತಿತ್ತು. “ಇಟ್ಟಂಗಿ ಶಾಖ ತಗೊಂಡಿಯೇನು?”

“ತಗೊಂಡೀನ್ರಿ, ಎಕ್ಕಿ ಎಲಿ ಹಾಸಿ.”

“ಅದಕ್ಕಿಂತ ಉಪ್ಪಿನ ಗಂಟು ಕಾಸಿ ಇಡೂದು ಪಾಡು. ರಾತ್ರಿ ನಿದ್ದಿ ಬರತೈತಿ. ಬರಿ ಹಾಕಿಸಿದ್ದು?”

“ಸ್ವಲ್ಪ ದಿನ ಹಗುರಾಗಿತ್ರಿ.”

“ನನಗ ಅಷ್ಟೂ ಆಗಲಿಲ್ಲ. ಕಾಲಾಗಿನ ಕೆರದಾಗ ಕಂಬಳಿ ತುಂಡು ಹಾಕ್ಕೊಂಡು ನೋಡು. ನಾ ಮಾಡಿದ್ದರಾಗ ಅದೊಂದಽ ಛಲೋ.”

ಇಷ್ಟು ದಿನದಲ್ಲಿ ಈ ನೋವನ್ನು ಪೂರ್ತಿ ನಂಬಿದವಳು ಇವಳೊಬ್ಬಳೇ. ಹುಲಿಗವ್ವನಿಗೆ ಕಣ್ಣು ತುಂಬಿ ಬಂತು. ಇಂಥ ಅತ್ತೆಯ ಜೊತೆ ಬಾಳುವೆ ಮಾಡಬಹುದು, ಸಂಜೆ ಇಬ್ಬರೂ ಒಂದೇ ಒಲೆಯಲ್ಲಿ ಉಪ್ಪು ಕಾಸಿಕೊಳ್ಳಬಹುದು ಎಂದು ಕೂಡ ಅಂದುಕೊಂಡಳು, ಪಾಪ.

“ಕಡೀಕ ಹೋತೇನ್ರಿ ನಿಮ್ಮದು?”

“ಇಲ್ಲವ್ವ. ಹುಚ್ಚೀರ ಸಣ್ಣಾಂವಿದ್ದಾಗ ಹತ್ತಿದ್ದು, ಇನ್ನೂ ಐತಿ.” ದುರಗಮ್ಮ ಹುಲಿಗವ್ವನ ಕೈ ಹಿಡಿದುಕೊಂಡಳು. “ನನ್ನ ಕೈಲೆ ಇನ್ನ ನೀರು ತರೂದು, ದನದ ಹಿಂದ ಹೋಗೂದು ಆಗಂಗಿಲ್ಲಂತಽ ಸೊಸಿ ಹುಡಕಾಕ ಹೊಂಟೀನಿ. ಈ ಬ್ಯಾನಿ ಗೊತ್ತಿಲ್ಲದಾಕಿ ಆಗಿದ್ದರ ನಿನ್ನ ಒಪ್ಪಿ ಬಿಡ್ತಿದ್ದೆ. ಗೊತ್ತಿದ್ದೂ ಹೆಂಗ ಕರಕೊಂಡು ಹೋಗಲಿ ಹೇಳು.”

ದುರಗಮ್ಮನ ಜಾಗದಲ್ಲಿ ತಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು ಹೊಳೆದು, ಸಿಟ್ಟು ಮಾಡಿಕೊಳ್ಳುವ ಸಮಾಧಾನವೂ ಹುಲಿಗವ್ವನಿಗೆ ಇಲ್ಲದಾಯಿತು.

ದುರಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಅಷ್ಟು ದೂರಿಂದ ಬಂದೀನಿ, ಬರಿಗೈಲೆ ಹೆಂಗ ಹೋಗಲಿ. ಈ ಊರಾಗ ಉಡಿಕಿಗೆ ಮತ್ತ ಯಾರರ ಅದಾರೇನವ್ವ, ಗಟ್ಟಿ ಕಾಲಿನಾಕಿ?”

ಹೊಳಿಯಮ್ಮ ಮುಖ ತಿರುಗಿಸಿದಳು. ಉತ್ತರ ಕೊಟ್ಟವಳು ಹುಲಿಗವ್ವ.

“ಹೊಳಿ ದಂಡ್ಯಾಗ ಫಕೀರವ್ವ ಅಂತ ಅದಾಳ್ರಿ. ನನ್ನ ಜೋಡೀನ ಗದ್ದಿಗೆ ಬರ್ತಾಳ. ಆಕಿ ಕಾಲು ಭಾಳ ಗಟ್ಟಿ.”

“ಮನಿ ತೋರಸ್ತಿಯೇನು?”

“ತೋರಸ್ತೀನಿ, ಬರ್ರಿ,” ಎಂದು ಹುಲಿಗವ್ವ ಆಕೆಯ ರಟ್ಟೆ ಹಿಡಿದು ಎಬ್ಬಿಸಿದಳು.